ಗಿಡಕ್ಕೆ ನಾಲ್ಕು ವರ್ಷ ಬೇಕು, ಬೆಲೆ ಕಾಯುವುದಿಲ್ಲ

(ಒಂದು ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ನಮಸ್ಕಾರ. ಕಾಫಿ, ಮಾಡೆಲ್ (ಒಂದು ವ್ಯವಸ್ಥೆ ಹೇಗೆ ನಡೆಯುತ್ತದೆ ಅಂತ ಲೆಕ್ಕದಲ್ಲಿ ಕಟ್ಟಿ ತೋರಿಸುವ ನಮೂನೆ) ಅನ್ನುವ ಎರಡು ಮಾತು ಒಟ್ಟಿಗೆ ಕಿವಿಗೆ ಬಿದ್ದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: ಮುಂದಿನ ವರ್ಷ ಬೆಲೆ ಎಷ್ಟಿರುತ್ತದೆ? ಅದಕ್ಕೆ ಉತ್ತರ ಸಿಗಬಹುದು ಅಂತ ಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ, ಸಿಗುವುದಿಲ್ಲ. ಎಲ್ಲರಿಗಿಂತ ಹೆಚ್ಚು ಕಾಫಿ ಬೆಳೆಯುವ ಬ್ರೆಜಿಲಿನಲ್ಲಿ, ಅಲ್ಲಿನ ಚಳಿಗಾಲವಾದ ಜುಲೈ ತಿಂಗಳ ಒಂದು ರಾತ್ರಿ ಹಿಮ ಕವಿಯುತ್ತದೋ ಇಲ್ಲವೋ ಅನ್ನುವುದರ ಮೇಲೆ ಇಡೀ ಜಗತ್ತಿನ ಬೆಲೆ ನಿಂತಿರುವಾಗ, ಹನ್ನೆರಡು ತಿಂಗಳು ಮುಂಚೆಯೇ ಅದನ್ನು ಹೇಳುತ್ತೇನೆ ಅನ್ನುವವರನ್ನು ನಾನಂತೂ ನಂಬುವುದಿಲ್ಲ.

ಹಾಗಾದರೆ ಮಾಡೆಲ್ ಯಾತಕ್ಕೆ? ಕಾಫಿ ಬೆಳೆದು ಮಾರುವ ಈ ವ್ಯವಸ್ಥೆಯಲ್ಲಿ ತಡ ಎಲ್ಲೆಲ್ಲಿ ಆಗುತ್ತದೆ, ಆ ತಡದ ಪೆಟ್ಟು ಕೊನೆಗೆ ಯಾರ ಮೇಲೆ ಬೀಳುತ್ತದೆ, ಅದನ್ನು ಕಣ್ಣಿಗೆ ಕಾಣುವಂತೆ ಮಾಡುವುದಕ್ಕೆ. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಗಿಡದಿಂದ ಶುರು ಮಾಡೋಣ. ಕಾಫಿ ಸಸಿ ನೆಟ್ಟರೆ ಮೊದಲ ಫಸಲಿಗೆ ಮೂರು ನಾಲ್ಕು ವರ್ಷ. ಆಮೇಲೆ ಇಪ್ಪತ್ತು ವರ್ಷ, ಚೆನ್ನಾಗಿ ನೋಡಿಕೊಂಡರೆ ಇನ್ನೂ ಜಾಸ್ತಿ, ಕೊಡುತ್ತಲೇ ಇರುತ್ತದೆ. ಈಗ ಇನ್ನೊಂದು ತುದಿಯಲ್ಲಿರುವ ಕುಡಿಯುವವರನ್ನು ನೋಡಿ. ಬೆಲೆ ಶೇಕಡಾ ಹತ್ತು ಏರಿದರೆ ಅವರು ಕುಡಿಯುವುದು ಎರಡೋ ಮೂರೋ ಶೇಕಡಾ ಇಳಿಯಬಹುದು, ಅಷ್ಟೇ. ಅಂದರೆ ಬೆಳೆಯುವವರು ಬೇಗ ಬದಲಾಗಲಾರರು, ಕುಡಿಯುವವರು ಬೇಗ ಬದಲಾಗುವುದಿಲ್ಲ. ಎರಡೂ ಕಡೆ ಹೀಗೆ ಬಿಗಿಯಾಗಿದ್ದರೆ ಸಣ್ಣ ಕೊರತೆಗೂ ಬೆಲೆ ಸಿಕ್ಕಾಪಟ್ಟೆ ಏರುತ್ತದೆ, ಸ್ವಲ್ಪ ಹೆಚ್ಚು ಬೆಳೆದರೂ ಪಾತಾಳ ಕಾಣುತ್ತದೆ.

ಇದನ್ನು ಕಾಗದದ ಮೇಲೆ ಹಾಕುವುದು ಕಷ್ಟವಲ್ಲ. ಮೂರು ಚೌಕ ಬರೆಯಿರಿ. ಒಂದರಲ್ಲಿ ಇನ್ನೂ ಫಸಲಿಗೆ ಬಾರದ ಗಿಡಗಳು, ಇನ್ನೊಂದರಲ್ಲಿ ಫಸಲು ಕೊಡುತ್ತಿರುವ ಗಿಡಗಳು, ಮೂರನೆಯದರಲ್ಲಿ ಮುದಿ ಗಿಡಗಳು. ಒಂದು ಚೌಕದಿಂದ ಇನ್ನೊಂದಕ್ಕೆ ಗಿಡ ಹೋಗುವುದಕ್ಕೆ ಇಷ್ಟು ವರ್ಷ ಅಂತ ಬಾಣ ಎಳೆಯಿರಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೇ ಫಾರೆಸ್ಟರ್ 1950ರ ದಶಕದಲ್ಲಿ ಕಾರ್ಖಾನೆಗಳ ಏರಿಳಿತ ಅರ್ಥ ಮಾಡಿಕೊಳ್ಳಲು ಕಟ್ಟಿದ ಸಿಸ್ಟಮ್ ಡೈನಾಮಿಕ್ಸ್ ವಿಧಾನ ಮೂಲದಲ್ಲಿ ಇಷ್ಟೇ, ಎಲ್ಲೆಲ್ಲಿ ಏನು ಕೂಡಿಕೊಂಡಿದೆ, ಅದು ಎಷ್ಟು ವೇಗದಲ್ಲಿ ಮುಂದೆ ಹೋಗುತ್ತದೆ ಅನ್ನುವ ಲೆಕ್ಕ. ಇದರಲ್ಲಿ ಮಳೆ ಬೇಡ, ರೋಗ ಬೇಡ, ಯುದ್ಧ ಬೇಡ. ಒಂದೇ ನಿಯಮ ಇಡಿ: ಇವತ್ತಿನ ಬೆಲೆ ಖರ್ಚು ಕಳೆದು ಚೆನ್ನಾಗಿ ಉಳಿಸುವಂತಿದ್ದರೆ ಜನ ನೆಡುತ್ತಾರೆ. ಒಮ್ಮೆ ಬೆಲೆಯನ್ನು ಸ್ವಲ್ಪ ಏರಿಸಿ ಬಿಟ್ಟುಬಿಡಿ. ಹೊರಗಿನಿಂದ ಇನ್ಯಾವ ಪೆಟ್ಟೂ ಇಲ್ಲದೆ ಬೆಲೆ ವರ್ಷಗಟ್ಟಲೆ ಏಳುತ್ತಾ ಬೀಳುತ್ತಾ ಇರುತ್ತದೆ. ಯಾರೂ ಮೋಸ ಮಾಡಿಲ್ಲ, ಯಾರೂ ದಡ್ಡರಲ್ಲ. ಎಲ್ಲರೂ ಇವತ್ತಿನ ಬೆಲೆ ನೋಡಿ ನೆಟ್ಟರು, ಫಸಲು ಮಾತ್ರ ನಾಲ್ಕು ವರ್ಷ ಆದಮೇಲೆ ಎಲ್ಲರದ್ದೂ ಒಟ್ಟಿಗೆ ಬಂತು.

ಅರ್ಥಶಾಸ್ತ್ರದಲ್ಲಿ ಇದು ಹಳೆಯ ವಿಷಯ, ನಿಕೋಲಸ್ ಕಾಲ್ಡೋರ್ 1934ರಲ್ಲೇ ಇದಕ್ಕೆ ಜೇಡರ ಬಲೆ ಅಂತ ಹೆಸರು ಕೊಟ್ಟಿದ್ದರು. ಆದರೆ ಆಲೂಗಡ್ಡೆಯಂಥ ಬೆಳೆಯಾದರೆ ಈ ವರ್ಷ ಕೈಸುಟ್ಟವನು ಮುಂದಿನ ವರ್ಷ ಬೇರೇನಾದರೂ ಹಾಕುತ್ತಾನೆ. ಕಾಫಿಯಲ್ಲಿ ಹಾಗಾಗುವುದಿಲ್ಲ. ಬೆಲೆ ಬಿತ್ತು ಅಂತ ಯಾರೂ ಹತ್ತು ವರ್ಷದ ಗಿಡ ಕೀಳುವುದಿಲ್ಲ. ಏನು ಮಾಡುತ್ತಾರೆ? ಗೊಬ್ಬರ ಕಡಿಮೆ ಮಾಡುತ್ತಾರೆ, ಕೊಂಬೆ ಸವರುವ ಕಪಾತು ಮುಂದೂಡುತ್ತಾರೆ, ಔಷಧಿ ಸಿಂಪರಣೆ ಬಿಡುತ್ತಾರೆ, ಕೊನೆಗೆ ಕೂಲಿಯೂ ಹುಟ್ಟುವುದಿಲ್ಲ ಅನ್ನಿಸಿದರೆ ಹಣ್ಣನ್ನೇ ಕೊಯ್ಯದೆ ಬಿಡುತ್ತಾರೆ. ಫಸಲು ಇಳಿಯುತ್ತದೆ, ಆದರೆ ನಿಧಾನವಾಗಿ. ಹಾಗಾಗಿ ಕಾಫಿಯಲ್ಲಿ ಒಳ್ಳೆ ಬೆಲೆಯ ಕಾಲ ಚಿಕ್ಕದು, ಕೆಟ್ಟ ಬೆಲೆಯ ಕಾಲ ಉದ್ದ. ಬೆಳೆಗಾರರಿಗೆ ಇದು ಗೊತ್ತಿರುವ ವಿಷಯವೇ, ಮಾಡೆಲ್ ಅದಕ್ಕೆ ಕಾರಣ ಕೊಡುತ್ತದೆ ಅಷ್ಟೇ.

ಈಗ ಈ ಮೂರು ಚೌಕವನ್ನು ತಲೆಯಲ್ಲಿಟ್ಟುಕೊಂಡು ಇತಿಹಾಸ ನೋಡಿ. 1975ರ ಜುಲೈಯಲ್ಲಿ ಬ್ರೆಜಿಲಿನ ಪರಾನಾ ರಾಜ್ಯದಲ್ಲಿ ಕಪ್ಪು ಹಿಮ ಅಂತ ಕರೆಯುವ ಚಳಿ ಬಂದು ಅಲ್ಲಿನ ತೋಟಗಳು ಬಹುತೇಕ ಸುಟ್ಟೇ ಹೋದವು. 1977ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಒಂದು ಪೌಂಡ್ ಅರೇಬಿಕಾಗೆ (ಕಾಫಿಯ ಎರಡು ಮುಖ್ಯ ಜಾತಿಗಳಲ್ಲಿ ಒಂದು, ಇನ್ನೊಂದು ರೊಬಸ್ಟಾ) ಬೆಲೆ 3 ಡಾಲರ್ ದಾಟಿತು. ಬ್ರೆಜಿಲಿನವರು ಪಾಠ ಕಲಿತು ತೋಟಗಳನ್ನು ಉತ್ತರಕ್ಕೆ, ಮಿನಾಸ್ ಜೆರಾಯಿಸ್ ಕಡೆಗೆ, ಹಿಮ ಕಡಿಮೆ ಇರುವ ಜಾಗಕ್ಕೆ ಸರಿಸಿದರು. ಒಳ್ಳೆಯ ತೀರ್ಮಾನವೇ. ಆದರೆ ಅಲ್ಲಿ ಬರದ ಕಾಟ ಜಾಸ್ತಿ, 2014ರಲ್ಲಿ ಅದು ಚೆನ್ನಾಗಿಯೇ ಗೊತ್ತಾಯಿತು. 2021ರಲ್ಲಂತೂ ಬರ, ಹಿಮ ಎರಡೂ ಒಂದೇ ವರ್ಷ ಬಂದವು.

1994ರಲ್ಲಿ ಬ್ರೆಜಿಲಿಗೆ ಮತ್ತೆ ಹಿಮ, ಬೆಲೆ ಮತ್ತೆ ಏರಿತು. ಅದೇ ಕಾಲಕ್ಕೆ ವಿಯೆಟ್ನಾಮಿನ ಮಧ್ಯ ಎತ್ತರದ ನಾಡಿನಲ್ಲಿ ರೊಬಸ್ಟಾ ನೆಡುವ ಭರಾಟೆ ಜೋರಾಗಿತ್ತು. 1990ರ ಹೊತ್ತಿಗೆ ಆ ದೇಶ ಬೆಳೆಯುತ್ತಿದ್ದದ್ದು 60 ಕಿಲೋ ಚೀಲಗಳ ಲೆಕ್ಕದಲ್ಲಿ 20 ಲಕ್ಷಕ್ಕಿಂತ ಕಡಿಮೆ. 2000ದ ಹೊತ್ತಿಗೆ 1 ಕೋಟಿ ದಾಟಿ, ಕೊಲಂಬಿಯಾವನ್ನು ಹಿಂದೆ ಹಾಕಿ ಎರಡನೇ ಸ್ಥಾನಕ್ಕೆ ಬಂತು. ಬೆಲೆ ಏನಾಯಿತು? 2001ರಲ್ಲಿ ಅರೇಬಿಕಾ ಪೌಂಡಿಗೆ 50 ಸೆಂಟ್‌ಗಿಂತ ಕೆಳಗಿಳಿಯಿತು. ಮಧ್ಯ ಅಮೆರಿಕದಲ್ಲಿ ತೋಟದ ಕೂಲಿ ನಂಬಿದ್ದ ಸಾವಿರಾರು ಜನ ಕೆಲಸ ಕಳೆದುಕೊಂಡರು. ಇದಕ್ಕೆಲ್ಲ ವಿಯೆಟ್ನಾಮ್ ಕಾರಣ ಅಂತ ಆಗ ಬೈದವರು ಬಹಳ. ನನಗೆ ಅದು ಸರಿ ಅನ್ನಿಸುವುದಿಲ್ಲ. ಅಲ್ಲಿನ ರೈತ ಮಾಡಿದ್ದು ಬೆಲೆ ನೋಡಿ ನೆಟ್ಟದ್ದು, ಬೇರೆ ಎಲ್ಲ ಕಡೆಯ ರೈತರೂ ಅದನ್ನೇ ಮಾಡಿದ್ದರು.

ಈ ಏರಿಳಿತವನ್ನು ತಡೆಯುವುದಕ್ಕೆ ಪ್ರಯತ್ನ ಆಗಿಲ್ಲ ಅಂತಲ್ಲ. 1906ರಲ್ಲೇ ಬ್ರೆಜಿಲಿನ ಮೂರು ರಾಜ್ಯಗಳು ಟೌಬಾಟೆ ಅನ್ನುವ ಊರಿನಲ್ಲಿ ಸೇರಿ, ಹೆಚ್ಚಾದ ಕಾಫಿಯನ್ನು ಸಾಲ ಮಾಡಿ ಕೊಂಡು ಗೋದಾಮಿನಲ್ಲಿ ಇಡುವ ಒಪ್ಪಂದ ಮಾಡಿಕೊಂಡವು. ಬೆಲೆ ನಿಂತಿತು. ಬೆಲೆ ನಿಂತದ್ದು ನೋಡಿ ಇನ್ನಷ್ಟು ಜನ ನೆಟ್ಟರು. 1931ರಿಂದ 1944ರವರೆಗೆ ಬ್ರೆಜಿಲ್ ಸರ್ಕಾರ ಸುಡುತ್ತಾ, ಸಮುದ್ರಕ್ಕೆ ಸುರಿಯುತ್ತಾ ನಾಶ ಮಾಡಿದ ಕಾಫಿ ಸುಮಾರು 7.8 ಕೋಟಿ ಚೀಲ. ಈಗ ಇಡೀ ಜಗತ್ತು ಒಂದು ವರ್ಷಕ್ಕೆ ಬೆಳೆಯುವುದು ಸುಮಾರು 17 ಕೋಟಿ ಚೀಲ, ಅದರ ಹೆಚ್ಚುಕಡಿಮೆ ಅರ್ಧ! ಅಂದ ಹಾಗೆ ನೆಸ್‌ಕೆಫೆ ಹುಟ್ಟಿದ್ದೂ ಈ ರಾಶಿಯಿಂದಲೇ. ಮಿಕ್ಕಿದ ಬೀಜವನ್ನು ಕೆಡದ ಹಾಗೆ ಪುಡಿ ಮಾಡಿಕೊಡಿ ಅಂತ ಬ್ರೆಜಿಲ್ ಕಡೆಯಿಂದ ನೆಸ್ಲೆಗೆ ಕೇಳಿಕೆ ಹೋಯಿತು, 1938ರಲ್ಲಿ ಆ ಪುಡಿ ಮಾರುಕಟ್ಟೆಗೆ ಬಂತು.

ಆಮೇಲೆ 1962ರ ಅಂತಾರಾಷ್ಟ್ರೀಯ ಕಾಫಿ ಒಪ್ಪಂದ. ಬೆಳೆಯುವ ದೇಶ, ಕೊಳ್ಳುವ ದೇಶ ಎರಡೂ ಸೇರಿ, ಯಾರು ಎಷ್ಟು ರಫ್ತು ಮಾಡಬೇಕು ಅಂತ ಕೋಟಾ ಹಾಕಿದರು. ನಡುನಡುವೆ ನಿಂತರೂ 1989ರವರೆಗೆ ಅದು ನಡೆಯಿತು, ಬೆಲೆಯನ್ನು ಒಂದು ಮಟ್ಟಕ್ಕೆ ಹಿಡಿದಿತ್ತು ಕೂಡ. ಇವತ್ತಿಗೂ ಅದನ್ನು ನೆನೆಸಿಕೊಂಡು ಮತ್ತೆ ಕೋಟಾ ಬರಲಿ ಅನ್ನುವವರಿದ್ದಾರೆ. ಅವರ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಅದೇ ಮೂರು ಚೌಕದ ಮಾಡೆಲ್‌ಗೆ ಕೋಟಾ ಸೇರಿಸಿ ಓಡಿಸಿ ನೋಡಿ. ರಫ್ತಿನ ಬಾಗಿಲನ್ನು ಕೋಟಾ ಮುಚ್ಚುತ್ತದೆ, ನೆಡುವ ಬಾಗಿಲು ತೆರೆದೇ ಇರುತ್ತದೆ. ಒಳಗೆ ಗಿಡ ಹೆಚ್ಚುತ್ತಾ ಹೋಗುತ್ತದೆ, ಗೋದಾಮು ತುಂಬುತ್ತದೆ, ಒಪ್ಪಂದದ ಹೊರಗಿನ ದೇಶಗಳಿಗೆ ಅಗ್ಗಕ್ಕೆ ಮಾರಾಟ ಆಗುತ್ತದೆ, ಅದು ಸುತ್ತಿ ಬಳಸಿ ಒಳಗೆ ಬರುತ್ತದೆ. ನಿಜದಲ್ಲೂ ಆದದ್ದು ಇದೇ. ಜೊತೆಗೆ ಹಳೆಯ ರಫ್ತಿನ ಲೆಕ್ಕದ ಮೇಲೆ ಕೋಟಾ ಹಂಚಿದ್ದರಿಂದ, ಕುಡಿಯುವವರ ರುಚಿ ಬದಲಾದರೂ ಪಾಲು ಬದಲಾಗಲಿಲ್ಲ. 1989ರ ಜುಲೈ 4ರಂದು ಕೋಟಾ ನಿಂತಿತು. ಇಷ್ಟು ವರ್ಷ ತಡೆದಿಟ್ಟದ್ದೆಲ್ಲ ಮಾರುಕಟ್ಟೆಗೆ ನುಗ್ಗಿತು, ಬೆಲೆ ಕುಸಿಯಿತು.

ಹಾಗಾಗಿ ವ್ಯವಸ್ಥೆಯನ್ನು ಸುಧಾರಿಸುವುದು ಅಂದರೆ ಬೆಲೆಯನ್ನು ಕಟ್ಟಿಹಾಕುವುದು ಅಂತ ನಾನು ತಿಳಿದಿಲ್ಲ. ನೆಡುವ ತೀರ್ಮಾನಕ್ಕೂ ಇವತ್ತಿನ ಬೆಲೆಗೂ ಇರುವ ಗಂಟನ್ನು ಸಡಿಲ ಮಾಡಬೇಕು. ಇದಕ್ಕೆ ನನಗೆ ಬಹಳ ಹಿಡಿಸಿದ ಉದಾಹರಣೆ ಕೊಲಂಬಿಯಾ. 2008ರ ಆಸುಪಾಸಿನಲ್ಲಿ ಅಲ್ಲಿನ ತೋಟಗಳಲ್ಲಿ ಮುದಿ ಗಿಡ ಬಹಳ ಇತ್ತು, ಎಲೆ ತುಕ್ಕು ರೋಗ ತಡೆಯದ ತಳಿಗಳು ಬೇರೆ. 1927ರಿಂದ ಇರುವ ಬೆಳೆಗಾರರ ಒಕ್ಕೂಟ ಮತ್ತು ಸರ್ಕಾರ ಸೇರಿ, ತಮ್ಮದೇ ಸಂಶೋಧನಾ ಕೇಂದ್ರ ಸೆನಿಕಾಫೆ ಕೊಟ್ಟ ಕಸ್ಟೀಯೊ ಅನ್ನುವ ರೋಗ ತಡೆಯುವ ತಳಿಯನ್ನು ದೊಡ್ಡ ಪ್ರಮಾಣದಲ್ಲಿ ನೆಡಿಸತೊಡಗಿದರು. ಹಳೆ ಗಿಡ ಕಡಿದು ಹೊಸದು ನೆಟ್ಟರೆ ಮೊದಲು ಆಗುವುದು ಏನು? ಫಸಲು ಇಳಿಯುತ್ತದೆ. ಅದರ ಜೊತೆಗೆ ಅತಿ ಮಳೆ, ತುಕ್ಕು ರೋಗ ಎರಡೂ ಬಂದವು. ವರ್ಷಕ್ಕೆ 1.2 ಕೋಟಿ ಚೀಲದ ಆಸುಪಾಸಿನಲ್ಲಿದ್ದ ದೇಶ 80 ಲಕ್ಷಕ್ಕಿಂತ ಕೆಳಗೆ ಬಂತು, 2012ರವರೆಗೂ ಮೇಲೇಳಲಿಲ್ಲ. ಪತ್ರಿಕೆಗಳು, ಬೆಳೆಗಾರರು, ರಾಜಕಾರಣಿಗಳು ಎಲ್ಲರ ಒತ್ತಡ ಇರುವಾಗ ಆ ನಾಲ್ಕೈದು ವರ್ಷ ಕಾರ್ಯಕ್ರಮವನ್ನು ಕೈಬಿಡದೆ ನಡೆಸುವುದು ಸಣ್ಣ ಮಾತಲ್ಲ. 2015ಕ್ಕೆ ಫಸಲು 1.4 ಕೋಟಿ ಚೀಲ ದಾಟಿತು.

ಮಾಡೆಲ್‌ನ ಉಪಯೋಗ ನನಗೆ ಕಾಣುವುದು ಇಲ್ಲಿ. ಸರಿಯಾದ ಕೆಲಸ ಮಾಡಿದರೂ ಮೊದಲ ಕೆಲವು ವರ್ಷ ಅಂಕಿ ಕೆಟ್ಟದಾಗೇ ಇರುತ್ತದೆ ಅಂತ ಅದು ಮುಂಚೆಯೇ ತೋರಿಸುತ್ತದೆ. ಎಷ್ಟು ಆಳಕ್ಕೆ ಇಳಿಯಬಹುದು, ಅಷ್ಟು ಕಾಲ ಬೆಳೆಗಾರನ ಮನೆ ನಡೆಯಲು ಏನು ಕೊಡಬೇಕು ಅನ್ನುವುದನ್ನು ನೆಡುವ ಮುಂಚೆ ಲೆಕ್ಕ ಹಾಕಬಹುದು. ಸಸಿ ಪುಕ್ಕಟೆ ಕೊಟ್ಟು, ಆ ಮೂರು ನಾಲ್ಕು ವರ್ಷದ ಊಟಕ್ಕೆ ಏನೂ ಕೊಡದ ಯೋಜನೆಗಳು ಎಲ್ಲ ದೇಶದಲ್ಲೂ ಇವೆ. ಅಂಥ ಕಡೆ ಸಸಿಗಳು ಸಸಿಮಡಿಯಲ್ಲೇ ಒಣಗುತ್ತವೆ, ಆಮೇಲೆ ರೈತರಿಗೆ ಆಸಕ್ತಿ ಇಲ್ಲ ಅಂತ ವರದಿ ಬರೆಯುತ್ತಾರೆ.

ಹವಾಮಾನದ ಮಾಡೆಲ್‌ಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ. 2015ರಲ್ಲಿ ಕ್ರಿಶ್ಚಿಯನ್ ಬುನ್ ಮತ್ತು ಸಂಗಡಿಗರು ಮಾಡಿದ ಅಧ್ಯಯನದ ಪ್ರಕಾರ 2050ರ ಹೊತ್ತಿಗೆ ಕಾಫಿಗೆ ಹೊಂದುವ ನೆಲ ಜಗತ್ತಿನಲ್ಲಿ ಅರ್ಧದಷ್ಟು ಕಡಿಮೆಯಾಗಬಹುದು. ಈ ಅಂಕಿ ಎಲ್ಲ ಕಡೆ ಓಡಾಡಿದೆ, ನೀವೂ ಕೇಳಿರಬಹುದು. ಇದು ಉಷ್ಣತೆ, ಮಳೆ ನೋಡಿ ನಕ್ಷೆ ಬಿಡಿಸುವ ಮಾಡೆಲ್. ಅದರ ಕೆಲಸ ಅದು ಚೆನ್ನಾಗಿ ಮಾಡುತ್ತದೆ. ಆದರೆ ನಕ್ಷೆಯಲ್ಲಿ ನೆರಳು ಮರ ಹೆಚ್ಚು ಮಾಡುವ ಬೆಳೆಗಾರ ಇಲ್ಲ, ತಳಿ ಬದಲಿಸುವವನಿಲ್ಲ, ಬೇಸತ್ತು ಪಟ್ಟಣಕ್ಕೆ ಹೋಗುವ ಮಗನೂ ಇಲ್ಲ. ಬಿಸಿ ಏರಿದಂತೆ ಕಾಫಿ ಬೆಟ್ಟ ಹತ್ತಬೇಕು ಅಂತ ನಕ್ಷೆ ಹೇಳಿದರೆ, ಬೆಟ್ಟದ ಮೇಲೆ ಇರುವುದು ಬಹಳ ಕಡೆ ಕಾಡು. ಹತ್ತಲು ಜಾಗವೇ ಇಲ್ಲ ಅಥವಾ ಹತ್ತಿದರೆ ಕಾಡು ಹೋಯಿತು. ನನ್ನ ತಕರಾರು ನಕ್ಷೆಯ ಮೇಲಲ್ಲ. ಗಿಡದ ಮಾಡೆಲ್ ಮಾಡುವವರು, ನಕ್ಷೆ ಮಾಡುವವರು, ಬೆಲೆ ಲೆಕ್ಕ ಹಾಕುವವರು ಒಬ್ಬರ ಜೊತೆ ಒಬ್ಬರು ಮಾತಾಡುವುದು ಕಡಿಮೆ, ತಕರಾರು ಅದರ ಮೇಲೆ. ರೋಗ ಹವಾಮಾನದ ವಿಷಯ, ಬೆಲೆ ಮಾರುಕಟ್ಟೆಯ ವಿಷಯ ಅಂತ ಬೇರೆ ಮಾಡಿಬಿಡುತ್ತಾರೆ. 2012ರಲ್ಲಿ ಮಧ್ಯ ಅಮೆರಿಕದಲ್ಲಿ ತುಕ್ಕು ರೋಗ ಹಬ್ಬಿದ್ದಕ್ಕೆ ಹವೆಯ ಜೊತೆಗೆ, ಕೈಯಲ್ಲಿ ದುಡ್ಡಿಲ್ಲದೆ ಗೊಬ್ಬರ, ಸಿಂಪರಣೆ ಬಿಟ್ಟದ್ದೂ ಕಾರಣ ಅಂತ ಸಂಶೋಧಕರು ತೋರಿಸಿದ್ದಾರೆ. ಬೆಲೆ ರೋಗವಾಗುತ್ತದೆ, ರೋಗ ಮತ್ತೆ ಬೆಲೆಯಾಗುತ್ತದೆ.

ಇನ್ನು ವ್ಯಾಪಾರ. ನ್ಯೂಯಾರ್ಕಿನಲ್ಲಿ, ಮುಂದೆ ಬರುವ ಕಾಫಿಗೆ ಇವತ್ತೇ ಬೆಲೆ ಕಟ್ಟಿ ಕೊಡುಕೊಳ್ಳುವ ಅರೇಬಿಕಾ ಫ್ಯೂಚರ್ಸ್‌ನಲ್ಲಿ ಒಂದು ಕಾಂಟ್ರಾಕ್ಟ್ ಅಂದರೆ 37,500 ಪೌಂಡ್, ಸುಮಾರು 17 ಟನ್. ಜಗತ್ತಿನ ಬಹುಪಾಲು ಕಾಫಿ ತೋಟಗಳು ಒಂದೆರಡು ಹೆಕ್ಟೇರಿನವು, ಅಲ್ಲಿ ಹೆಕ್ಟೇರಿಗೆ ಒಂದು ಟನ್ ಬಂದರೆ ಖುಷಿಪಡುತ್ತಾರೆ. ಬೆಲೆ ಬೀಳುವ ಭಯಕ್ಕೆ ರಕ್ಷಣೆ ಕೊಡುವ ಸಾಧನ ಇದೆ, ಆದರೆ ಅದರ ಅಳತೆ ವ್ಯಾಪಾರಿಗೆ ಹೊಂದುತ್ತದೆ, ಬೆಳೆಗಾರನಿಗೆ ಹೊಂದುವುದಿಲ್ಲ. ಐದು ನಿಮಿಷದಲ್ಲಿ ಜಾಗ ಬದಲಿಸಬಲ್ಲವನ ಹತ್ತಿರ ರಕ್ಷಣೆ ಇದೆ, ಐದು ವರ್ಷ ಅಲುಗಾಡಲಾಗದವನ ಹತ್ತಿರ ಇಲ್ಲ. ಇದರ ಮೇಲೆ ಕೊಯ್ಲಿನ ಹೊತ್ತಿಗೇ ಬೆಳೆಗಾರ ಆಳುಗಳಿಗೆ ಕೂಲಿ ಕೊಡಬೇಕು, ಸಾಲ ತೀರಿಸಬೇಕು. ಹಾಗಾಗಿ ಎಲ್ಲರ ಕಾಫಿಯೂ ಕಣಕ್ಕೆ ಬಂದಿರುವ, ಬೆಲೆ ಇಳಿದಿರುವ ವಾರದಲ್ಲೇ ಮಾರುತ್ತಾನೆ. ಅವನಿಗೆ ಬೆಲೆ ಮುನ್ಸೂಚನೆಯ ಆಪ್ ಕೊಟ್ಟು ಏನು ಉಪಯೋಗ? ಮೂರು ತಿಂಗಳು ಕಾಯಲು ಗೋದಾಮಿನಲ್ಲಿ ಕಾಫಿ ಇಟ್ಟ ರಸೀದಿ ಮೇಲೆ ಸಾಲ ಸಿಕ್ಕರೆ ಅದರಿಂದ ಹೆಚ್ಚು ಕೆಲಸ ಆಗುತ್ತದೆ.

ಮುಂಗಡ ಒಪ್ಪಂದವೂ ಪೂರ್ತಿ ಉತ್ತರವಲ್ಲ. 2021ರಲ್ಲಿ ಬೆಲೆ ದಿಢೀರ್ ಏರಿದಾಗ, ಕಡಿಮೆ ಬೆಲೆಗೆ ಮುಂಚೆಯೇ ಮಾತು ಕೊಟ್ಟಿದ್ದ ಕೊಲಂಬಿಯಾದ ಅನೇಕ ಬೆಳೆಗಾರರು ಕಾಫಿ ಒಪ್ಪಿಸಲಿಲ್ಲ. ನಡುವೆ ಸಿಕ್ಕಿಬಿದ್ದವು ಸಹಕಾರ ಸಂಘಗಳು. ಮಾತು ತಪ್ಪಿದರು ಅಂತ ಬೈಯುವುದು ಸುಲಭ. ಬೆಲೆ ಎಷ್ಟೇ ಏರಿದರೂ ಒಂದು ರೂಪಾಯಿಯೂ ಹಂಚಿಕೆಯಾಗದ ಒಪ್ಪಂದ ಬರೆದವರನ್ನೂ ಒಂದು ಮಾತು ಕೇಳಬೇಕು, ಅಲ್ವಾ? ಫೇರ್‌ಟ್ರೇಡ್‌ನವರ (ಬೆಳೆಗಾರರಿಗೆ ನ್ಯಾಯದ ಬೆಲೆ ಸಿಗಲಿ ಅಂತ ಸರ್ಟಿಫಿಕೇಟ್ ಕೊಡುವ ಸಂಸ್ಥೆ) ಕನಿಷ್ಠ ಬೆಲೆಯೂ ಹೀಗೇ, ತೊಳೆದು ಸಂಸ್ಕರಿಸಿದ ಅರೇಬಿಕಾಗೆ 2011ರಿಂದ ಪೌಂಡಿಗೆ 1.40 ಡಾಲರ್ ಇದ್ದದ್ದು 2023ರಲ್ಲಿ 1.80 ಆಯಿತು. ಬೆಲೆ ಬಿದ್ದಾಗ ಒಳ್ಳೆಯ ಆಸರೆ. ಆದರೆ ಸರ್ಟಿಫಿಕೇಟ್ ಇರುವ ಸಂಘಗಳೂ ತಮ್ಮ ಕಾಫಿಯಲ್ಲಿ ಒಂದು ಪಾಲನ್ನು ಮಾತ್ರ ಆ ಬೆಲೆಗೆ ಮಾರಲು ಸಾಧ್ಯವಾಗುತ್ತದೆ, ಉಳಿದದ್ದು ಮಾಮೂಲಿ ಮಾರುಕಟ್ಟೆಗೇ ಹೋಗುತ್ತದೆ.

ಮಾಡೆಲ್ ಮಾಡುವವರು ಮರೆಯಬಾರದ ಒಂದು ಕಥೆ ಇಥಿಯೋಪಿಯಾದ್ದು. 2008ರಲ್ಲಿ ಎಲೆನಿ ಗೇಬ್ರೆ-ಮಧಿನ್ ಮುಂದಾಳತ್ವದಲ್ಲಿ ಅಲ್ಲಿ ಸರಕು ವಿನಿಮಯ ಕೇಂದ್ರ ಶುರುವಾಯಿತು. ಬೆಲೆ ಎಲ್ಲರಿಗೂ ಕಾಣಬೇಕು, ದುಡ್ಡು ಬೇಗ ಕೈಗೆ ಬರಬೇಕು, ಅದಕ್ಕಾಗಿ ಕಾಫಿಯನ್ನು ಪ್ರದೇಶ ಮತ್ತು ದರ್ಜೆಯ ಮೇಲೆ ವಿಂಗಡಿಸಿ ಒಟ್ಟಾಗಿ ಮಾರುವ ಏರ್ಪಾಡು. ಒಂದೇ ದರ್ಜೆಯ ಚೀಲ ಎಲ್ಲ ಒಂದೇ ಅನ್ನುವುದು ನಾವೆಲ್ಲ ಲೆಕ್ಕ ಸುಲಭವಾಗಲಿ ಅಂತ ಇಟ್ಟುಕೊಳ್ಳುವ ಊಹೆ. ಅಲ್ಲಿ ಅದು ಗೋದಾಮಿನ ನಿಯಮವೇ ಆಗಿಬಿಟ್ಟಿತು. ಬೆಲೆಯ ಮಾಹಿತಿ ನಿಜಕ್ಕೂ ಸುಧಾರಿಸಿತು, ಆದರೆ ಯಾವ ಊರಿನ ಯಾರ ಕಾಫಿ ಅನ್ನುವ ಗುರುತು ಅಳಿಸಿಹೋಯಿತು, ಆ ಗುರುತಿಗೇ ಹೆಚ್ಚು ಕೊಡಲು ತಯಾರಿದ್ದ ಕೊಳ್ಳುವವರು ಕೈಕಟ್ಟಿ ಕೂತರು. 2017ರಲ್ಲಿ ನಿಯಮ ಸಡಿಲಿಸಿದರು.

ಈಗ ಪ್ರಶ್ನೆಗಳು.

ಒಬ್ಬರು ಕೇಳಿದರು: ಇಷ್ಟು ಉಪಗ್ರಹ ಇರುವಾಗ ಎಲ್ಲಿ ಎಷ್ಟು ಗಿಡ ಇದೆ ಅಂತ ಎಣಿಸುವುದಕ್ಕೆ ಏನು ಅಡ್ಡಿ? ಬಯಲಲ್ಲಿ ಸಾಲಾಗಿ ನೆಟ್ಟ ತೋಟಕ್ಕೆ ಅಡ್ಡಿ ಇಲ್ಲ. ನೆರಳು ಮರದ ಕೆಳಗಿನ ಕಾಫಿ ಮೇಲಿನಿಂದ ಕಾಡಿನ ಹಾಗೇ ಕಾಣುತ್ತದೆ. ಯುರೋಪಿಯನ್ ಒಕ್ಕೂಟದ 2023ರ ಅರಣ್ಯನಾಶ ಕಾಯಿದೆಗೂ ಇದೇ ತಲೆನೋವು. 2020ರ ಡಿಸೆಂಬರ್ 31ರ ಮೇಲೆ ಕಾಡು ಕಡಿದ ಜಾಗದ ಕಾಫಿ ಬರಬಾರದು, ಪ್ರತಿ ತೋಟದ ಜಾಗದ ಗುರುತು ಕೊಡಬೇಕು ಅನ್ನುತ್ತದೆ ಅದು. ಜಾರಿಯ ದಿನವನ್ನು ಮುಂದೂಡಿದ್ದಾರೆ. ನೆರಳು ಮರ ಒಂದೆರಡು ಕಡಿದದ್ದನ್ನು ಕಾಡು ಕಡಿದ ಹಾಗೆ ಯಂತ್ರ ಓದಿದರೆ, ಅದನ್ನು ಸುಳ್ಳು ಅಂತ ತೋರಿಸುವ ಖರ್ಚು ಸಣ್ಣ ಬೆಳೆಗಾರನ ತಲೆಗೇ ಬರುತ್ತದೆ. ಆದರೂ ಇಷ್ಟು ಖರ್ಚು ಮಾಡಿ ತೋಟ ಗುರುತಿಸುತ್ತಿರುವಾಗ, ಗಿಡ ಯಾವ ವರ್ಷ ನೆಟ್ಟದ್ದು ಅಂತ ಒಂದು ಮಾತು ಕೇಳಿ ಬರೆದುಕೊಂಡರೆ ನನ್ನಂಥವರಿಗೆ ಬಹಳ ಉಪಕಾರ. ಮೂರು ಚೌಕದಲ್ಲಿ ಯಾವುದರಲ್ಲಿ ಎಷ್ಟು ಗಿಡ ಇದೆ ಅನ್ನುವುದಕ್ಕೆ ಹೆಚ್ಚಿನ ದೇಶಗಳಲ್ಲಿ ನಂಬುವಂಥ ಲೆಕ್ಕವೇ ಇಲ್ಲ, ಬೆಲೆಯ ಲೆಕ್ಕ ಮಾತ್ರ ಕ್ಷಣ ಕ್ಷಣಕ್ಕೂ ಇದೆ.

ಇನ್ನೊಬ್ಬರ ಪ್ರಶ್ನೆ ನೇರವಾಗಿತ್ತು: 2025ರ ಫೆಬ್ರವರಿಯಲ್ಲಿ ಅರೇಬಿಕಾ ಬೆಲೆ ಪೌಂಡಿಗೆ 4 ಡಾಲರ್ ದಾಟಿತಲ್ಲ, ಇಂಥ ಬೆಲೆ ನೋಡಿದ ಮೇಲೂ ನೆಡಬೇಡಿ ಅನ್ನುತ್ತೀರಾ? ಅನ್ನುವುದಿಲ್ಲ. ಆದರೆ ಇದೇ ಬೆಲೆ ನೋಡಿ ಎಲ್ಲ ದೇಶದಲ್ಲೂ ಸಸಿಮಡಿ ಹಾಕುತ್ತಾರೆ ಅಂತ ಇಟ್ಟುಕೊಂಡೇ ಲೆಕ್ಕ ಹಾಕಿ. ನಾಲ್ಕನೇ ವರ್ಷದಿಂದ ಐದಾರು ವರ್ಷ ಈಗಿನ ಅರ್ಧ ಬೆಲೆ ಸಿಗುತ್ತದೆ ಅಂತ ಬರೆದುಕೊಳ್ಳಿ, ಕೂಲಿ ಮತ್ತು ಗೊಬ್ಬರ ಮಾತ್ರ ಈಗಿನ ದರದಲ್ಲೇ ಇರಲಿ. ಆಗಲೂ ಸಾಲ ತೀರುತ್ತದೆ ಅಂದರೆ ನೆಡಿ, ಅದೂ ಹೊಸ ಜಾಗದಲ್ಲಿ ಬೇಡ, ಮೊದಲು ಮುದಿ ಗಿಡಗಳ ಜಾಗದಲ್ಲಿ, ವರ್ಷಕ್ಕೆ ಇಪ್ಪತ್ತರಲ್ಲಿ ಒಂದು ಪಾಲಿನಂತೆ. ಒಳ್ಳೆ ಬೆಲೆಯ ವರ್ಷ ಮುದಿ ಗಿಡ ಕಡಿಯಲು ಕೈ ಬರುವುದಿಲ್ಲ, ಗೊತ್ತು. ಆದರೆ ಕೈಯಲ್ಲಿ ಸ್ವಲ್ಪ ದುಡ್ಡು ಇರುವುದೂ ಆ ವರ್ಷವೇ.